ಮನೆಮಂದಿಯ ದುಡಿಮೆ

ಮೂರು ವರ್ಷ ನನ್ನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ.

ಉಗುರು ಬದನೆ ಗಿಡಕ್ಕೆ ಹೋಯಿತು. ಬದನೆಯ ಕುಡಿಯೊಳಗೆ ಒಂದು ಹುಳ ಸೇರಿಕೊಳ್ಳುತ್ತದೆ. ಅಕ್ಕಿಕಾಳಿನಷ್ಟು ಇರುತ್ತದೆ, ನಸುಗೆಂಪು. ಕುಡಿ ಜೋತು ಬೀಳುತ್ತದೆ. ಹಾಗೇ ಬಿಟ್ಟರೆ ಹುಳ ಕಾಯಿಗೆ ಇಳಿಯುತ್ತದೆ. ಅದಕ್ಕೇ ಹೆಬ್ಬೆರಳ ಉಗುರು ಊರಿ, ಬಾಡಿದ ಕುಡಿಯನ್ನು ಹುಳದ ಸಮೇತ ಚಿವುಟಿ, ಸೊಂಟದ ಚೀಲಕ್ಕೆ ಹಾಕಬೇಕು. ಒಂದು ಮುಂಜಾನೆಗೆ ಮುನ್ನೂರು, ನಾನೂರು ಕುಡಿ. ಎಲೆಯ ಸುಂಕು ಮೈಗೆ ಹತ್ತಿ ತುರಿಸುತ್ತದೆ. ತೊಟ್ಟಿನ ಮುಳ್ಳು ಬೆರಳೊಳಗೆ ಮುರಿಯುತ್ತದೆ. ರಸ ಹತ್ತಿ ಕೈ ಕಪ್ಪಾಗುತ್ತದೆ, ಸಾಬೂನಿಗೆ ಹೋಗುವುದಿಲ್ಲ. ರೊಟ್ಟಿ ತಟ್ಟಿದರೆ ಹಿಟ್ಟು ಕಹಿ.

ಕಮಲಾಪುರದ ಜಗದೇವಪ್ಪ ಸಾವ್ಕಾರನ ಮೂರು ಎಕರೆ ಬದನೆಯಲ್ಲಿ ಈ ಕೆಲಸ ಮಾಡಿದವರು ನಾವು ಎಂಟು ಹೆಂಗಸರು. ಎಂಟೂ ಮಂದಿ ನಮ್ಮ ಕೇರಿಯವರು. ನಾನು ಬಂಡೆಮ್ಮ, ಎಲ್ಲರಿಗಿಂತ ಹಿರಿಯಳು. ಕಾವೇರಿ ಎಲ್ಲರಿಗಿಂತ ಕಿರಿಯಳು, ಬಾಯಿ ಜೋರು.

ಅದಕ್ಕೂ ಮೊದಲು ಆ ಹೊಲದಲ್ಲಿ ಔಷಧ ಹೊಡೆಯುತ್ತಿದ್ದವನು ನನ್ನ ಗಂಡ ಭೀಮಶಾ. ವಾರಕ್ಕೆ ಎರಡು ಸಲ. ಒಂದು ಬೆಳೆಗೆ ಮೂವತ್ತು ಸಲ. ಬೆನ್ನ ಮೇಲೆ ಪಂಪು, ಬಾಯಿಗೆ ನನ್ನ ಹಳೆಯ ಸೀರೆಯ ಚೂರು. ಪಂಪಿನ ಮುಚ್ಚಳ ಸೋರುತ್ತಿತ್ತು. ಹೊಸ ಮುಚ್ಚಳ ತರಿಸಿರಿ ಎಂದು ಇವನು ಕೇಳಿದ್ದ. ತರಿಸಲಿಲ್ಲ. ಔಷಧ ಬೆನ್ನಿಗೆ ಇಳಿದು, ಬೆನ್ನ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿಯಿತು. ಈಗ ಅವನ ಕೈಗಳು ನಡುಗುತ್ತವೆ. ನೀರಿನ ಲೋಟ ನಾನು ಹಿಡಿಯಬೇಕು. ಅವನು ಬಾಯಿ ತರಬೇಕು.

ಆದ್ದರಿಂದ ಔಷಧ ಬಿಡುವ ಮಾತು ಬಂದಾಗ ನನ್ನಷ್ಟು ಖುಷಿ ಯಾರಿಗೂ ಆಗಿರಲಿಕ್ಕಿಲ್ಲ.

ಆ ಮಾತು ತಂದವಳು ನಾಗರತ್ನಾ. ಜಗದೇವಪ್ಪನ ಸೊಸೆ, ಅವನ ಮಗ ಶಿವಶರಣನ ಹೆಂಡತಿ. ಓದಿದವಳು. ನಮ್ಮ ಕೇರಿಯ ಸಮುದಾಯ ಭವನದಲ್ಲಿ ರಾತ್ರಿ ಶಾಲೆ ನಡೆಸಿದವಳೂ ಅವಳೇ. ನಾವು ಅವಳನ್ನು ಅಕ್ಕೋರು ಎನ್ನುತ್ತಿದ್ದೆವು. ಅರವತ್ತರ ಹತ್ತಿರದ ವಯಸ್ಸಿನಲ್ಲಿ ನಾನು 'ಬ' ಬರೆದೆ, ಅದಕ್ಕೆ ಸೊನ್ನೆ ಕೊಟ್ಟೆ, 'ಬಂ' ಆಯಿತು. ಅವಳು ನನ್ನ ಕೈ ಹಿಡಿದು ತಿದ್ದಿಸಿದಳು. ನನ್ನ ಕೈಯನ್ನು ಆ ಮನೆಯವರು ಯಾರೂ ಅಲ್ಲಿಯತನಕ ಹಿಡಿದಿರಲಿಲ್ಲ. ಅವಳು ಬರುವಾಗ ಕುಡಿಯುವ ನೀರನ್ನು ಬಾಟಲಿಯಲ್ಲಿ ತರುತ್ತಿದ್ದಳು. ಮಾತಾಡಿ ಕಲಿಸುವ ಹುಡುಗಿ, ದಾಹ ಜಾಸ್ತಿ ಎಂದುಕೊಂಡಿದ್ದೆ.

ಅವಳು ಎಲ್ಲೋ ತರಬೇತಿಗೆ ಹೋಗಿ ಬಂದಳು. ಹುಳ ಕಂಡ ಕೂಡಲೇ ಔಷಧ ಹೊಡೆಯಬಾರದಂತೆ. ಮೊದಲು ಎಣಿಸಬೇಕು. ಹೊಲದಲ್ಲಿ ಅಂಕುಡೊಂಕಾಗಿ ನಡೆದು ನೂರು ಕುಡಿ ನೋಡಬೇಕು. ಬಾಡಿದ್ದು ಐದರೊಳಗಿದ್ದರೆ ಚಿವುಟಿದರೆ ಸಾಕು. ಐದು ದಾಟಿದರೆ ಬೇವಿನ ಬೀಜದ ಕಷಾಯ. ಅದಕ್ಕೂ ಬಗ್ಗದಿದ್ದರೆ ಮಾತ್ರ ಔಷಧ. ಗಂಡು ಚಿಟ್ಟೆ ಬಂದು ಬೀಳಲು ವಾಸನೆಯ ಬಲೆ, ಬದುವಿನ ಗುಂಟ ಚೆಂಡುಹೂ. ಎಣಿಸುವ ಕೆಲಸ ನನಗೆ ಬಂತು. ನನಗೆ ಅವಸರವಿಲ್ಲ. ನೂರು ಎಂದರೆ ನೂರೇ ನೋಡುತ್ತೇನೆ. ಎಣಿಸಿದ್ದನ್ನು ವಹಿಯಲ್ಲಿ ಬರೆಯುತ್ತಿದ್ದೆ. ತಾರೀಖು, ನೂರಕ್ಕೆ ಎಷ್ಟು. ನಾನು 'ಬ್ಯಾಡ' ಎಂದ ದಿನ ಪಂಪು ಏಳುತ್ತಿರಲಿಲ್ಲ. ಮೂರು ಎಕರೆಯ ಪಂಪು ನನ್ನ ಮಾತಿಗೆ ಕೂತಿರುತ್ತಿತ್ತು.

ಬೇವಿನ ಬೀಜ ಆರಿಸಿ, ಒಣಗಿಸಿ, ಒರಳಿನಲ್ಲಿ ಕುಟ್ಟುವುದೂ ನಮ್ಮದೇ. ಇದೆಲ್ಲ ಮುಂಜಾನೆ ಆರಕ್ಕೆ ಸುರುವಾಗಿ ಎಂಟೂವರೆಗೆ ಮುಗಿಯುತ್ತಿತ್ತು. ದಿನದ ಕೂಲಿ ಸುರುವಾಗುತ್ತಿದ್ದದ್ದು ಒಂಬತ್ತಕ್ಕೆ. ಕಾಯಿ ಕೀಳುವುದಕ್ಕೆ, ಕಳೆ ತೆಗೆಯುವುದಕ್ಕೆ ಕೂಲಿ. ಹುಳಕ್ಕೆ ಇಲ್ಲ.

ಮೊದಲ ದಿನವೇ ಕಾವೇರಿ ಕೇಳಿದ್ದಳು. "ಸಾವ್ಕಾರ್ರೆ, ಈ ಎರಡೂವರಿ ತಾಸಿಂದು?"

ಜಗದೇವಪ್ಪ ನಕ್ಕಿದ್ದ. "ಏ ಹುಡುಗಿ, ಔಷಧದ ರೊಕ್ಕ ಉಳೀಲಿ ಮೊದ್ಲ. ಉಳಿದಿದ್ದರಾಗ ಅರ್ಧ ನಿಮ್ದ. ನಾ ಎಲ್ಲಿ ಓಡಿ ಹೋಗ್ತೀನಿ?"

ನಾಗರತ್ನಾ ಪಕ್ಕದಲ್ಲೇ ನಿಂತಿದ್ದಳು. "ನಾ ಅದೀನಲ್ಲ" ಅಂದಳು. ಆ ಎರಡು ಮಾತಿಗೆ ನಾನು ಏಳು ಮಂದಿಯನ್ನು ಒಪ್ಪಿಸಿದೆ.

ಔಷಧ ಮೂವತ್ತರಿಂದ ಹತ್ತಕ್ಕೆ ಇಳಿಯಿತು. ಆಮೇಲೆ ನಾಲ್ಕಕ್ಕೆ. ಸಾವ್ಕಾರನ ಅಂಗಳಕ್ಕೆ ಹೊಸ ಕಾರು ಬಂತು. ನಾವು ಕೇಳಿದಾಗೆಲ್ಲ "ಈ ಬೆಳಿ ಮುಗೀಲಿ" ಎಂದ. ಬೆಳೆಗಳು ಮುಗಿದವು.

ಎರಡು ತಿಂಗಳ ಹಿಂದೆ ನಾಗರತ್ನಾ ಹೊಲಕ್ಕೆ ಒಂದು ಕಾಗದ ತಂದಳು. ನಾನು ಗಿಡಗಳ ನಡುವೆ ಬಗ್ಗಿದ್ದೆ.

"ಬಂಡೆಮ್ಮ, ಇದಕ್ಕೊಂದು ಸಹಿ ಹಾಕು. ನಿಮ್ಮ ಕೆಲಸದ್ದs ಬರದೀನಿ. ಮ್ಯಾಲಿನವರಿಗೆ ಕಳಿಸಬೇಕು."

ನಾನು ಕೈ ಸೀರೆಗೆ ಒರೆಸಿಕೊಂಡೆ. ಕಾಗದದಲ್ಲಿ ಹತ್ತು ಹದಿನೈದು ಸಾಲು ಇದ್ದವು. ಓದಬಹುದಿತ್ತು. ಓದಲು ಬರುತ್ತಿತ್ತು. ಆದರೆ ಓದಲು ಕಲಿಸಿದವಳೇ ಎದುರಿಗೆ ನಿಂತಿರುವಾಗ ಅವಳ ಕಾಗದವನ್ನು ಅಕ್ಷರ ಅಕ್ಷರ ಕೂಡಿಸಿ ನೋಡುವುದು ಹೇಗೆ? ಅಕ್ಕೋರ ಮುಖಕ್ಕೇ 'ನಿನ್ನ ನಂಬುವುದಿಲ್ಲ' ಎಂದ ಹಾಗೆ. ನನಗೆ ನಾಚಿಕೆಯಾಯಿತು. ಸಹಿ ಹಾಕಿದೆ. ಚಂದ ಹಾಕಿದೆ. ದುಂಡಗೆ.

"ಭಾಳ ಚಲೋ ಬರೀತಿ" ಎಂದಳು. ಇಡೀ ದಿನ ಆ ಮಾತಿನ ಖುಷಿಯಲ್ಲಿ ಇದ್ದೆ.

ಹೋದ ತಿಂಗಳು ಕಲಬುರಗಿಗೆ ಕರೆದರು. ಐವಾನ್-ಎ-ಶಾಹಿ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ತರಕಾರಿ ಬೆಳೆಗಾರರ ಸಭೆ. ಜಗದೇವಪ್ಪನಿಗೆ ಬಹುಮಾನ. ಎಣಿಸುವವಳೂ ಬರಲಿ, ಎರಡು ಮಾತು ಹೇಳಲಿ ಎಂದರಂತೆ. ಅವರು ಕಾರಿನಲ್ಲಿ ಹೋದರು. ನಾನು ಬದನೆಕಾಯಿ ಕ್ರೇಟುಗಳ ಜೊತೆ ಟೆಂಪೋದ ಹಿಂದೆ ಕೂತೆ. ದಾರಿಯುದ್ದಕ್ಕೂ ಕ್ರೇಟು ಮೈಮೇಲೆ ಬರುತ್ತಿದ್ದವು. ಕಾಲು ಕೊಟ್ಟು ತಡೆದೆ.

ಟೆಂಪೋ ಮೊದಲು ರೋಜಾ ಬಡಾವಣೆಗೆ ಹೋಯಿತು. ದರ್ಗಾದ ಹಾದಿಯಲ್ಲಿ ಶಬ್ಬೀರನ ತರಕಾರಿ ಅಂಗಡಿ. ಕ್ರೇಟು ಇಳಿಸಲು ನಾನೂ ಕೈ ಹಚ್ಚಿದೆ.

"ಆಯಿ, ಆಹಿಸ್ತಾ, ನಿಧಾನ!" ಶಬ್ಬೀರ ಕೂಗಿದ. "ಇದು ಬದನಿಕಾಯಿ ಅಲ್ಲ, ಹೀರಾ ಅದ, ವಜ್ರ. ಲಾಡ್ಜಿನವರು, ಬಿರ್ಯಾನಿ ಮಂದಿ ಎಲ್ಲಾ ಇದನ್ನs ಕೇಳ್ತಾರ. ಹುಳಾ ಇಲ್ಲ, ದವಾ ಇಲ್ಲ."

"ಹುಳ ಇಲ್ಲ ಅಂದ್ರ ಪುಕ್ಕಟೆ ಹೋಗ್ಯಾವೇನು?" ಎಂದು ನನ್ನ ಹೆಬ್ಬೆರಳು ತೋರಿಸಿದೆ.

ಅವನು ಹೆಬ್ಬೆರಳು ನೋಡಿ ನಾಲಿಗೆ ಕಚ್ಚಿದ. "ಯಾ ಅಲ್ಲಾ. ಅದಕ್ಕs ನಿಮ್ಮ ಸಾವ್ಕಾರ ಕಿಲೋಕ್ಕ ಹತ್ತು ರೂಪಾಯಿ ಜಾಸ್ತಿ ಜಗ್ತಾನ. 'ಶಬ್ಬೀರ್ ಭಾಯ್, ಎಂಟು ಹೆಂಗಸರು ಕೈಲೆ ಹುಳ ಆರಿಸ್ತಾರ, ಅವರ ಕೂಲಿ ಯಾರು ಕೊಡ್ತಾರ' ಅಂತಾನ. ನೋಡು ಆಯಿ, ಮೂರು ವರ್ಷದಿಂದ ನಿನ್ನ ಕೂಲಿ ನಾ ಕೊಡಾಕತ್ತೀನಿ. ನೀ ಒಂದಿನಾನೂ ಸಲಾಮ್ ಹೇಳಿಲ್ಲ!"

ನಕ್ಕ. ನಾನೂ ನಕ್ಕೆ. ಮನಸ್ಸು ಹಗುರಾಯಿತು. ನಮ್ಮ ದುಡಿತ ಲೆಕ್ಕದಲ್ಲಿದೆ ಎಂದುಕೊಂಡೆ. ಇವತ್ತು ಬಹುಮಾನ ಬರುತ್ತದೆ, ನಾಳೆ ಸಾವ್ಕಾರ ಕರೆದು ಕೊಡುತ್ತಾನೆ. ಹಾಗೆ ನಂಬಿಕೊಂಡು ಮಂಟಪದೊಳಗೆ ಕಾಲಿಟ್ಟೆ.

ಬಾಗಿಲ ಬಳಿ ಒಂದು ಬೋರ್ಡು ನಿಲ್ಲಿಸಿದ್ದರು. ನನಗಿಂತ ಎತ್ತರ. ಮೇಲೆ ಜಗದೇವಪ್ಪನ ಫೋಟೋ, ಹೆಗಲಿಗೆ ಶಾಲು. ಕೆಳಗೆ ಬದನೆ ಕುಡಿ ಚಿವುಟುವ ಒಂದು ಕೈ. ಬರೀ ಕೈ. ಮುಖ ಇಲ್ಲ. ಹೆಬ್ಬೆರಳಿಗೆ ಉಗುರು ಇರಲಿಲ್ಲ. ಆದ್ದರಿಂದ ಅದು ನನ್ನದೆಂದು ಗೊತ್ತಾಯಿತು.

ಕೆಳಗೆ ಸಾಲುಗಳಿದ್ದವು. ನಾನು ಅಕ್ಷರ ಕೂಡಿಸಿ ಓದುವವಳು. ತಡವಾಗುತ್ತದೆ. ತಪ್ಪಾಗುವುದಿಲ್ಲ. ಔಷಧ ಮೊದಲು ಮೂವತ್ತು ಸಲ, ಈಗ ನಾಲ್ಕು ಸಲ. ಔಷಧದ ಖರ್ಚು ಇಷ್ಟು ಇಳಿದಿದೆ. ಬಲೆಗೆ ಇಷ್ಟು. ಚೆಂಡುಹೂವಿನ ಬೀಜಕ್ಕೆ ಇಷ್ಟು. ಬೀಜಕ್ಕೂ ಒಂದು ಬೆಲೆ ಇತ್ತು. ಆಮೇಲಿನ ಸಾಲು:

'ಕೀಟ ಎಣಿಕೆ, ಕುಡಿ ಚಿವುಟುವಿಕೆ, ಬೇವಿನ ಕಷಾಯ — ಮನೆಮಂದಿಯ ದುಡಿಮೆ. ಖರ್ಚು: 0.'

ಮತ್ತೊಮ್ಮೆ ಓದಿದೆ. ಬೆರಳಿಟ್ಟು ಓದಿದೆ. ಅದು ಸೊನ್ನೆಯೇ. ಮುಂದೆ, ಹಿಂದೆ ಯಾವ ಅಂಕಿಯೂ ಇರಲಿಲ್ಲ.

ನಾಗರತ್ನಾ ರೇಷ್ಮೆ ಸೀರೆ ಉಟ್ಟು ಓಡಾಡುತ್ತಿದ್ದಳು. ಕೈ ಹಿಡಿದು ನಿಲ್ಲಿಸಿದೆ.

"ಅಕ್ಕೋರೆ, ಇದು ಯಾರು ಬರದಿದ್ದು?"

ಅವಳು ಆಚೀಚೆ ನೋಡಿದಳು. "ಬಂಡೆಮ್ಮ, ಇಲ್ಲಿ ಬ್ಯಾಡ. ಮನಿಗಿ ಹೋಗಿ ಮಾತಾಡೂಣು."

"ಯಾರು ಬರದಿದ್ದು?"

"ನಾನs." ದನಿ ಇಳಿಸಿದಳು. "ಮಾವನವರು ಹಂಗs ಬರಿ ಅಂದ್ರು. ಕೇಳಿಲ್ಲಿ. ನಿಮ್ಮ ಕೂಲಿ ಹಿಡಿದ್ರ ಲಾಭ ಅರ್ಧಕ್ಕ ಬರ್ತದ. ಔಷಧಾನs ಸಸ್ತಾ ಅಂತ ಮಂದಿ ಅಂತಾರ. ಸೊನ್ನಿ ಇದ್ರ ಎಲ್ಲಾರೂ ಒಪ್ಪತಾರ. ಹತ್ತು ಊರಾಗ ಔಷಧ ಹೊಡಿಯೂದು ನಿಲ್ತದ. ನಿನ್ನ ಗಂಡನಂಥವರು ಹತ್ತು ಮಂದಿ ಉಳೀತಾರ. ಅದು ಬ್ಯಾಡೇನು ನಿನಗ?"

ನನ್ನ ಗಂಡನನ್ನು ತಂದಳು. ಅವನ ನಡುಗುವ ಕೈಯನ್ನು ತಂದು ಆ ಸೊನ್ನೆಯ ಮೇಲೆ ಇಟ್ಟಳು.

"ಹತ್ತು ಊರಾಗ ಗಂಡಸರು ಉಳೀತಾರ, ಖರೆ" ಎಂದೆ. "ಹತ್ತು ಊರಾಗ ಹೆಂಗಸರು ಪುಕ್ಕಟೆ ಹುಳ ಆರಿಸ್ತಾರ. ಅದನ್ಯಾಕ ಬರೀಲಿಲ್ಲ?"

ಅಷ್ಟರಲ್ಲಿ ಮೈಕಿನಲ್ಲಿ ಕರೆದರು. ಜಗದೇವಪ್ಪ ವೇದಿಕೆಯ ಮೇಲಿದ್ದ. ನನ್ನನ್ನೂ ಹತ್ತಿಸಿದರು. ಮುನ್ನೂರು ಮಂದಿ ರೈತರು ಕೂತಿದ್ದರು. ಎಲ್ಲ ಗಂಡಸರು. ಕೊನೆಯ ಸಾಲಿನಲ್ಲಿ ಊಟದ ತಟ್ಟೆ ತೊಳೆಯುವ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು.

ಸಭೆಯ ಅಧ್ಯಕ್ಷರು ನನ್ನ ಕಡೆ ಮೈಕು ತಿರುಗಿಸಿದರು. "ಅಜ್ಜಿ, ಇವತ್ತು ಮುಂಜಾನಿ ಎಣಿಸಿ ಬಂದೀರಂತ. ನೂರಕ್ಕ ಎಷ್ಟು?"

ನಾನು ಬಾಗಿಲ ಬಳಿಯ ಬೋರ್ಡಿನ ಕಡೆ ನೋಡಿದೆ.

"ಅಂಜಬ್ಯಾಡ್ರಿ. ನೀವು ಜಗದೇವಪ್ಪನವರಿಗೆ ಏನಾಗಬೇಕು?"

ಜಗದೇವಪ್ಪ ತಾನೇ ಹೇಳಿದ. "ನಮ್ಮ ಮನಿ ಮಂದಿನs ರೀ. ಬ್ಯಾರೆ ಅಂತ ನಾವು ಎಂದೂ ನೋಡಿಲ್ಲ."

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಕೇಳಿ ನನ್ನೊಳಗೆ ಏನೋ ಕಿತ್ತು ಬಂತು. ಅವನ ಹೊಲದ ಪಂಪ್‌ಶೆಡ್ಡಿನ ಗೋಡೆಯ ಸಂದಿಯಲ್ಲಿ ನಮ್ಮ ಎಂಟು ಮಂದಿಗೆ ಒಂದು ಲೋಟ ಇದೆ. ಬೇರೆಯದು. ಅದನ್ನು ನಾವೇ ತೊಳೆದು ನಾವೇ ಇಡಬೇಕು.

ಮೈಕಿನ ಹತ್ತಿರ ಹೋದೆ.

"ಸಾವ್ಕಾರ್ರೆ, ಮೂವತ್ತು ವರ್ಷ ಆತು ನಿಮ್ಮಲ್ಲಿ ದುಡಿಯಾಕತ್ತು. ನಿಮ್ಮ ಮನಿಯಾಗ ಅಡಗಿ ಮನಿ ಯಾವ ದಿಕ್ಕಿಗದ, ನಾ ಇನ್ನೂ ನೋಡಿಲ್ಲ. ಮನಿ ಮಂದಿ ಹ್ಯಾಂಗಾದೆ?"

ಯಾರೋ ಕಿಸಕ್ಕೆಂದರು.

"ರೋಜಾದಾಗ ಕಾಯಿ ಮಾರುವಾಗ ನಮ್ಮ ಕೂಲಿ ಹೇಳಿ ಹತ್ತು ರೂಪಾಯಿ ಜಾಸ್ತಿ ತಗೋತೀರಿ. ಇಲ್ಲಿ ಬೋರ್ಡಿನ ಮ್ಯಾಲ ನಮ್ಮ ಕೂಲಿ ಸೊನ್ನಿ ಅಂತ ಬರಸ್ತೀರಿ. ಎರಡರಾಗ ಯಾವದು ಖರೆ?"

"ಏ ಬಂಡಿ, ಕೆಳಗಿಳಿ!" ಜಗದೇವಪ್ಪ ಅಂದ. ಮನೆಮಂದಿಯ ಹೆಸರು ಅಷ್ಟರಲ್ಲೇ ಬಂಡಿ ಆಗಿತ್ತು.

"ಇಳೀತೀನಿ. ಇವತ್ತಿನ ಎಣಿಕೆ ನನ್ನ ತಲ್ಯಾಗ ಅದ. ಹೇಳಂಗಿಲ್ಲ. ನೀವು ನಮಗ ಬರದಷ್ಟs ನಾನೂ ನಿಮಗ ಕೊಡ್ತೀನಿ."

ಇಳಿದೆ. ಮೆಟ್ಟಿಲ ಬುಡದಲ್ಲಿ ಜಗದೇವಪ್ಪ ಹಿಂದೆಯೇ ಬಂದು ಜೇಬಿನಿಂದ ಒಂದು ಕಾಗದ ಬಿಚ್ಚಿ ನನ್ನ ಮುಖಕ್ಕೆ ಹಿಡಿದ.

"ಓದಾಕ ಬರ್ತದಲ್ಲ? ಓದು!"

ಓದಿದೆ. 'ಹುಳ ಎಣಿಸುವ ಹಾಗೂ ಆರಿಸುವ ಕೆಲಸವನ್ನು ನಾನೂ ನನ್ನ ಜೊತೆಯ ಏಳು ಮಂದಿಯೂ ಮನೆಮಂದಿಯಂತೆ ಸ್ವಂತ ಇಚ್ಛೆಯಿಂದ ಮಾಡಿರುತ್ತೇವೆ. ಇದಕ್ಕೆ ಯಾವ ಕೂಲಿಯನ್ನೂ ಕೇಳುವುದಿಲ್ಲ.' ಕೆಳಗೆ ನನ್ನ ಸಹಿ. ದುಂಡಗೆ. 'ಬ'ದ ಪಕ್ಕದಲ್ಲಿ ನಾನು ಪ್ರೀತಿಯಿಂದ ತಿದ್ದಿದ ಸೊನ್ನೆ.

ನಾಗರತ್ನಾ ದೂರ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಅವಳು ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವನು ಮೋಸ ಮಾಡಿದ್ದು ನನಗೆ ಹೊಸದಲ್ಲ. ಅವನ ಅಪ್ಪನೂ ಮಾಡಿದ್ದ. ಆದರೆ ಅವಳು ಮೊದಲು ಅಕ್ಷರ ಕೊಟ್ಟು, ಆಮೇಲೆ ಆ ಅಕ್ಷರದಿಂದಲೇ ನನ್ನ ಕುತ್ತಿಗೆ ಹಿಡಿಸಿದಳು. ಹೆಬ್ಬೆಟ್ಟು ಒತ್ತುವವಳಾಗಿದ್ದರೆ ನಾಲ್ಕು ಮಂದಿಗೆ ತೋರಿಸಿ ಒತ್ತುತ್ತಿದ್ದೆ.

ಊಟ ಮಾಡಲಿಲ್ಲ. ಬಸ್‌ಸ್ಟ್ಯಾಂಡಿನತನಕ ನಡೆದೆ. ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರಕ್ಕೆ ಬಂದೆ.

ಕೇರಿಯಲ್ಲಿ ಏಳು ಮಂದಿಯನ್ನು ಕೂಡಿಸಿ ಹೇಳಿದೆ. ಬೋರ್ಡು ಹೇಳಿದೆ. ಶಬ್ಬೀರ ಹೇಳಿದ್ದು ಹೇಳಿದೆ. ಸಹಿಯನ್ನೂ ಹೇಳಿದೆ. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಕಾವೇರಿ ಎದ್ದು ನಿಂತಳು. "ಆಯಿ, ನಮ್ಮ ಏಳು ಮಂದಿ ಕೈ ಕಡಿದು ಕೊಟ್ಟಿ. ಸಾಲಿ ಕಲತಾಳ, ಸಾಲಿ ಕಲತಾಳ ಅಂತ ನಿನ್ನ ಮುಂದ ಮಾಡಿದ್ವಿ. ಸಾಲಿ ಕಲತು ಇದನ್ನ ಮಾಡಿದೇನು?"

"ಹೌದು" ಎಂದೆ. "ಓದದs ಸಹಿ ಮಾಡಿದೆ. ನಿಮ್ಮ ಏಳು ಮಂದಿದೂ ಮಾಡಿದೆ."

"ಅಕ್ಕೋರು ಅಂತ ಕಾಲಿಗಿ ಬೀಳೂದೊಂದು ಬಾಕಿ ಇತ್ತು!"

ಯಾರೂ ನನ್ನ ಪರ ಮಾತಾಡಲಿಲ್ಲ. ಮಾತಾಡಬೇಕಾಗಿಯೂ ಇರಲಿಲ್ಲ. ಕೊನೆಗೆ ಕಾವೇರಿಯೇ ಕೇಳಿದಳು. "ನಾಳೆ?"

"ನಾ ಹೋಗಂಗಿಲ್ಲ" ಎಂದೆ. "ಹೋಗಬ್ಯಾಡ್ರಿ ಅಂತ ಹೇಳೂ ಹಕ್ಕು ನನಗಿಲ್ಲ."

ಮರುದಿನ ಆರು ಗಂಟೆಗೆ ಬಾಗಿಲಲ್ಲಿ ಕೂತು ದಾರಿ ನೋಡಿದೆ. ಏಳು ಬಾಗಿಲೂ ಮುಚ್ಚಿದ್ದವು. ಒಬ್ಬಳೂ ಹೊಲಕ್ಕೆ ಹೋಗಲಿಲ್ಲ.

ಜಗದೇವಪ್ಪ ಬೇರೆ ಊರಿನಿಂದ ಆಳು ತಂದ. ಅವರು ಬಾಡಿದ್ದರ ಜೊತೆ ಚಿಗುರನ್ನೂ ಚಿವುಟಿದರು. ಎಣಿಸಲು ಅವರಿಗೆ ಬರಲಿಲ್ಲ. ಎರಡನೆಯ ವಾರ ಹೊಲದ ತುಂಬ ಕುಡಿಗಳು ತಲೆ ಕೆಳಗೆ ಹಾಕಿದವು. ಪಂಪು ಹೊರಲು ಕಾವೇರಿಯ ಗಂಡ ದಿಲೀಪನನ್ನು ಕರೆಸಿದ. "ಮುಚ್ಚಳ ಹೊಸದು ತಂದೀರೇನ್ರಿ?" ಎಂದು ಕೇಳಿ ದಿಲೀಪ ವಾಪಸು ಬಂದ. ಕೇರಿಯಿಂದ ಯಾರೂ ಹೋಗಲಿಲ್ಲ. ಅವತ್ತು ಪಂಪು ಹೊತ್ತವನು ಶಿವಶರಣ. ಸಾವ್ಕಾರನ ಸ್ವಂತ ಮಗ.

ಹೊಲ ಕೇರಿಯಿಂದ ದೂರವಿಲ್ಲ. ಪಂಪಿನ ಸದ್ದು ಕೇಳಿಸಿತು. ಭೀಮಶಾ ಹೊರಸಿನ ಮೇಲೆ ಕೂತಿದ್ದ. ಅವನ ಎರಡೂ ಕೈ ಜೋರಾಗಿ ನಡುಗತೊಡಗಿದವು. ನಾನು ಅವುಗಳನ್ನು ನನ್ನ ತೊಡೆಯ ಮೇಲೆ ಒತ್ತಿ ಹಿಡಿದುಕೊಂಡೆ.

ಮರುದಿನ ಮಧ್ಯಾಹ್ನ ನಾಗರತ್ನಾ ಕೇರಿಗೆ ಬಂದಳು. ಒಬ್ಬಳೇ. ಬಿಸಿಲಲ್ಲಿ ನಡೆದು. ಕೈಯಲ್ಲಿ ಬಾಟಲಿ ಇರಲಿಲ್ಲ, ಕಾಗದ ಇತ್ತು. ನನ್ನ ಅಂಗಳದಲ್ಲಿ ನಿಂತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು.

"ನಮ್ಮ ಮನಿಯವರಿಗಿ ನಿನ್ನಿಯಿಂದ ವಾಂತಿ" ಎಂದಳು. "ಕಣ್ಣು ತೆರೆಯಾಕ ಆಗವಲ್ದು. ಬಂಡೆಮ್ಮ, ಬರ್ರಿ ಎಲ್ಲಾರೂ. ಹೊಸ ಕಾಗದ ಮಾಡಿಸೀನಿ. ಮಾವನವರು ರೊಕ್ಕ ಕೊಡ್ತಾರ."

ಕಾವೇರಿ ಏನೋ ಅನ್ನಲು ಬಾಯಿ ತೆರೆದಳು. ಅದಕ್ಕಿಂತ ಮೊದಲು ಹೊರಸಿನಿಂದ ಭೀಮಶಾ ಮಾತಾಡಿದ.

"ಕಣ್ಣಿಗಿ ತಣ್ಣೀರು ಗೊಜ್ಜಾಕ ಹೇಳವ್ವ. ಕಣ್ಣು ಉಜ್ಜಬ್ಯಾಡ ಅನ್ನು. ಅಂಗಿ ತಗದು ಮೈ ತೊಳೀರಿ. ದವಾಖಾನಿಗಿ ಬಾಟ್ಲಿ ತಗೊಂಡs ಹೋಗ್ರಿ, ಯಾವ ಔಷಧ ಅಂತ ಡಾಕ್ಟರ್‌ಗಿ ಗೊತ್ತಾಗಬೇಕು. ನನಗ ಅದನ್ನ ಯಾರೂ ಹೇಳಲಿಲ್ಲ."

ನಾಗರತ್ನಾ ಅತ್ತಳು. ಕಾವೇರಿ ಒಳಗೆ ಹೋಗಿ ಚಂಬಿನಲ್ಲಿ ನೀರು ತಂದು ಕೊಟ್ಟಳು. ಅವಳು ಚಂಬು ಇಸಿದುಕೊಂಡಳು. ತುಟಿಗೆ ಹತ್ತಿಸಲಿಲ್ಲ. ಹಾಗೇ ಹಿಡಿದುಕೊಂಡು ನಿಂತಳು. ಎಲ್ಲರೂ ನೋಡಿದೆವು.

ನಾನು ಕಾಗದ ತೆಗೆದುಕೊಂಡು ನೆಲಕ್ಕೆ ಕೂತೆ. ಬೆರಳಿಟ್ಟು ಜೋರಾಗಿ ಓದಿದೆ. ಒಂದೊಂದೇ ಅಕ್ಷರ. ಬಿಸಿಲು ನೆತ್ತಿಯ ಮೇಲಿತ್ತು. ಅವಳು ಒಂದು ಸಲ "ನಾನs ಓದಿ ಹೇಳ್ತೀನಿ ಬಿಡು" ಎಂದಳು. ನಾನು ತಲೆ ಎತ್ತಲಿಲ್ಲ. ಒತ್ತಕ್ಷರ ಬಂದಲ್ಲಿ ನಿಂತೆ, ಬಿಡಿಸಿದೆ, ಮುಂದೆ ಹೋದೆ. ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಓದಿದೆ. ಅವಳು ಅಷ್ಟೂ ಹೊತ್ತು ನಿಂತಿದ್ದಳು.

ಕಾಗದದಲ್ಲಿ ಕೂಲಿ ಎಂಬ ಮಾತು ಇರಲಿಲ್ಲ. 'ಗೌರವಧನ' ಎಂದಿತ್ತು. ಇನ್ನು ಮುಂದಿನದಕ್ಕೆ ಮಾತ್ರ. ಸಾವ್ಕಾರನಿಗೆ ತಿಳಿದಾಗ, ತಿಳಿದಷ್ಟು. ಕೊನೆಯ ಸಾಲಿನಲ್ಲಿ, ಕಲಬುರಗಿಯ ಸಭೆಯಲ್ಲಿ ನಾನು ಆಡಿದ್ದು ತಿಳಿವಳಿಕೆ ಇಲ್ಲದೆ ಆಡಿದ ಮಾತು ಎಂದಿತ್ತು.

ಮಡಚಿ ಅವಳ ಕೈಗೆ ಕೊಟ್ಟೆ.

"ಕೂಲಿ ಅಂತ ಬರಕೊಂಡು ಬಾ. ಮೂರು ವರ್ಷದ್ದು ಬರಿ. ಎಂಟು ಮಂದಿ ಹೆಸರು ಬರಿ. ಆ ಬೋರ್ಡಿನ ಸೊನ್ನಿ ಅಳಸು, ಹತ್ತು ಊರಿಗಿ ಹೋಗೂಕಿಂತ ಮೊದ್ಲ. ಆಮ್ಯಾಲ ಬಾ. ನಾ ಮತ್ತ ಓದತೀನಿ. ಎರಡು ಸಲ ಓದತೀನಿ."

ಅವಳು ಚಂಬನ್ನು ಕಟ್ಟೆಯ ಮೇಲೆ ಇಟ್ಟು ಹೋದಳು. ನೀರು ತುಂಬಿದ್ದು ತುಂಬಿದ ಹಾಗೇ ಇತ್ತು. ಕಾವೇರಿ ಅದನ್ನು ಚೆಲ್ಲಲಿಲ್ಲ. ಎತ್ತಿ ಗಟಗಟ ತಾನೇ ಕುಡಿದಳು. ನನ್ನ ಸಹಿಯನ್ನು ಅವಳು ಇನ್ನೂ ಮರೆತಿಲ್ಲ. ಈಗಲೂ ದಿನಕ್ಕೊಮ್ಮೆ ಚುಚ್ಚುತ್ತಾಳೆ. ಚುಚ್ಚಲಿ.

ಶಿವಶರಣ ದವಾಖಾನೆಯಿಂದ ಮನೆಗೆ ಬಂದ ಎಂದು ಕೇಳಿದೆ. ನಾಗರತ್ನಾ ಮತ್ತೆ ಬಂದಿಲ್ಲ. ನಾವು ಬೇರೆ ಕಡೆ ತೊಗರಿ ಕಳೆಗೆ ಹೋಗುತ್ತಿದ್ದೇವೆ. ಕೂಲಿ ಕಡಿಮೆ, ದಾರಿ ದೂರ. ಎಣಿಸುವ ವಹಿ ನನ್ನ ಪೆಟ್ಟಿಗೆಯಲ್ಲಿದೆ. ಕಲಬುರಗಿಗೆ ಹೋದ ದಿನದ ಪುಟದಲ್ಲಿ ತಾರೀಖು ಬರೆದಿದ್ದೇನೆ. ಅಂಕಿಯ ಜಾಗ ಖಾಲಿ ಬಿಟ್ಟಿದ್ದೇನೆ.

ಹೆಬ್ಬೆರಳಿಗೆ ಉಗುರು ಬರುತ್ತಿದೆ. ಸೊಟ್ಟಗೆ, ದಪ್ಪಗೆ, ಅರ್ಧ ಬಂದಿದೆ. ಮುಟ್ಟಿದರೆ ನೋಯುತ್ತದೆ.